ತಾನಾಗಿ ನಿಂತ ಲಾಳಿ

"ಹೇಳಿದರೆ ಮಾತ್ರ ಮಾಡುವವನನ್ನು ಎಷ್ಟು ದಿನ ಇಟ್ಟುಕೊಳ್ಳುವುದು, ಗುರುಗಳೇ?"

ಶಾಂತವೀರ ಹೀಗೆ ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ. ಹೆಸರಿನಲ್ಲಿದ್ದ ಶಾಂತಿ ಆ ದಿನ ಮುಖದಲ್ಲಿರಲಿಲ್ಲ. ಅವನು ಮಠದ ಹಿರಿಯ ಶಿಷ್ಯ. ಕಿರಿಯರನ್ನು ಎಬ್ಬಿಸುವುದು, ಓದಿಸುವುದು, ಅವರಿಂದ ಕೆಲಸ ತೆಗೆಯುವುದು ಎಲ್ಲವೂ ಅವನ ಹೆಗಲ ಮೇಲಿತ್ತು. ಒಲೆಯ ಮೇಲೆ ಹಾಲಿಟ್ಟು, ಉರಿ ಸಣ್ಣ ಮಾಡಿ, ಇವತ್ತು ಇದೊಂದು ತೀರ್ಮಾನವಾಗಲೇಬೇಕು ಎಂದು ಪಡಸಾಲೆಗೆ ಬಂದು ಗುರುಗಳ ಎದುರು ಕುಳಿತಿದ್ದ. ಅಡುಗೆಮನೆ ಅವನ ಬೆನ್ನಿಗಿತ್ತು.

ತೀರ್ಮಾನವಾಗಬೇಕಾದದ್ದು ಈರಣ್ಣನ ವಿಷಯ. ಈರಣ್ಣ ಹಿಂದಿನ ವರ್ಷ ಮಠಕ್ಕೆ ಸೇರಿದ ಹುಡುಗ. ತಂದೆತಾಯಿ ಇಲ್ಲ. ಓದಿ ಮನುಷ್ಯನಾಗಲಿ ಎಂದು ಸೋದರಮಾವ ತಂದು ಬಿಟ್ಟು ಹೋದವನು ಮತ್ತೆ ಈ ಕಡೆ ತಲೆಹಾಕಿರಲಿಲ್ಲ. ಹುಡುಗ ಕೆಟ್ಟವನಲ್ಲ. ಓದು ಎಂದರೆ ಓದುತ್ತಿದ್ದ, ಗುಡಿಸು ಎಂದರೆ ಗುಡಿಸುತ್ತಿದ್ದ. ಹೇಳದಿದ್ದರೆ ಕಂಬದಂತೆ ನಿಲ್ಲುತ್ತಿದ್ದ. ಕರು ಹಗ್ಗ ಬಿಚ್ಚಿಕೊಂಡು ಹೋಗಿ ಹಾಲು ಕುಡಿಯುತ್ತಿದ್ದರೆ ನೋಡುತ್ತ ನಿಂತ. ದೇವರ ದೀಪ ಎಣ್ಣೆ ತೀರಿ ಆರಿಹೋದಾಗ ಅದರ ಪಕ್ಕದಲ್ಲೇ ಕುಳಿತಿದ್ದ. ಏಕೋ ಎಂದರೆ ತಲೆ ತಗ್ಗಿಸುತ್ತಿದ್ದ. ಹಿಂದಿನ ದಿನ ಶಾಂತವೀರ ಸಹನೆಯ ಕಟ್ಟೆಯೊಡೆದು, ಹುಡುಗನ ಬಟ್ಟೆಬರೆಯನ್ನೆಲ್ಲ ಗಂಟು ಕಟ್ಟಿಸಿದ್ದ. ಈಗ ಈರಣ್ಣ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತಿದ್ದ. ಗುರುಗಳು ಹೂಂ ಎಂದರೆ ಎದ್ದು ನಡೆಯಬೇಕು. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ.

ಹೇಳಿ ಹೇಳಿ ತನ್ನ ನಾಲಿಗೆ ಸವೆಯಿತು, ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದಂತಾಯಿತು ಎಂದ ಶಾಂತವೀರ. ಬೆಳಗಿನಿಂದ ಸಂಜೆಯವರೆಗೆ ಆ ಹುಡುಗನ ಮೇಲೆಯೇ ಕಣ್ಣಿಟ್ಟಿರಬೇಕು, ಕಣ್ಣು ತೆಗೆದರೆ ಕೆಲಸ ಕೆಟ್ಟಿತು ಎಂದ. ತಾನು ಇಷ್ಟು ಜಾಗ್ರತೆಯಾಗಿ ಇಲ್ಲದಿದ್ದರೆ ಮಠ ಇಷ್ಟರಲ್ಲಿ ಏನಾಗುತ್ತಿತ್ತೋ ಎಂದೂ ಸೇರಿಸಿದ. ಗುರುಗಳು ಎಲ್ಲವನ್ನೂ ಕೇಳಿದರು. ಆಮೇಲೆ ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನ ಕಿವಿ ಬಹಳ ಸೂಕ್ಷ್ಮ. ಮಗ್ಗದಲ್ಲಿ ಒಂದು ಎಳೆ ಕಡಿದರೂ ಅಡ್ಡನೂಲು ಹೊತ್ತು ಲಾಳಿ ಓಡುವ ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಪಕ್ಕದ ಮಗ್ಗದಲ್ಲಿ ಒಬ್ಬ ಶಿಷ್ಯ ಕೆಲಸ ಕಲಿಯುತ್ತಿದ್ದ. ಶಿಷ್ಯನ ಎಳೆ ಕಡಿದ ಕೂಡಲೇ ನೇಕಾರ ಕುಳಿತಲ್ಲಿಂದಲೇ 'ಎಳೆ' ಎಂದು ಕೂಗುತ್ತಿದ್ದ. ಶಿಷ್ಯ ಕೈ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ ಮುಂದುವರಿಯುತ್ತಿದ್ದ. ಹೀಗೆ ವರ್ಷಗಳು ಕಳೆದವು. ಶಿಷ್ಯನ ಬಟ್ಟೆಯಲ್ಲಿ ಕುಂದು ಹುಡುಕಿದರೂ ಸಿಗದು ಎಂದು ಊರು ಹೊಗಳಿತು. ನೇಕಾರ ಹಿಗ್ಗಿದ.

ಒಮ್ಮೆ ಶಿಷ್ಯನ ಮಗ್ಗದ ಮೇಲೆ ಒಂದು ಧಾರೆ ಸೀರೆ ಇತ್ತು. ಅದೇ ಹೊತ್ತಿಗೆ ನೇಕಾರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಮಗಳ ಊರಿಗೆ ಹೋಗಬೇಕಾಯಿತು. ತಿರುಗಿ ಬರುವಷ್ಟರಲ್ಲಿ ಸೀರೆ ಮುಗಿದಿತ್ತು. ಹೆಣ್ಣಿನ ತಂದೆ ಒಯ್ಯಲು ಬಂದು ನಿಂತಿದ್ದ. ಅವನ ಎದುರಿಗೇ ನೇಕಾರ ಸೀರೆಯನ್ನು ಬಿಸಿಲಿಗೆ ಹಿಡಿದು ಬಿಡಿಸಿದ. ಈ ತುದಿಯಿಂದ ಆ ತುದಿಯವರೆಗೆ ಒಂದು ಗೆರೆ ಓಡಿತ್ತು. ಎಳೆ ಕಡಿದದ್ದು ಕಡಿದಂತೆಯೇ ಸೀರೆ ಪೂರ್ತಿಯಾಗಿತ್ತು. ಧಾರೆಗೆ ಅಂಥ ಸೀರೆಯನ್ನು ಯಾರು ಉಡಿಸುತ್ತಾರೆ? ಹೆಣ್ಣಿನ ತಂದೆ ಸೀರೆ ಮುಟ್ಟದೆ ಹೊರಟುಹೋದ.

ನೇಕಾರ ಕೈಯೆತ್ತಿದ. "ಎಳೆ ಕಡಿದದ್ದು ನಿನಗ ಕಾಣಲಿಲ್ಲೇನು?"

"ನೀವು ಕೂಗಲಿಲ್ಲಲ್ರಿ" ಎಂದ ಶಿಷ್ಯ.

ಅದು ಎದುರುಮಾತಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದ. ಎತ್ತಿದ ಕೈ ಹಾಗೇ ಇಳಿಯಿತು. ನೇಯುವುದನ್ನು ಕಲಿಸುತ್ತಿದ್ದೇನೆ ಎಂದು ನೇಕಾರ ಇಷ್ಟು ವರ್ಷ ನಂಬಿದ್ದ. ಶಿಷ್ಯ ಕಲಿತದ್ದು ಕೂಗಿಗೆ ಕಾಯುವುದನ್ನು. ತನ್ನ ಕಿವಿಯ ಚುರುಕೇ ಅವನ ಕಿವಿಯನ್ನು ಕಿವುಡು ಮಾಡಿತು ಎಂದು ತಿಳಿದಾಗ ನೇಕಾರನಿಗೆ ಸೀರೆ ಕೆಟ್ಟದ್ದಕ್ಕಿಂತ ಹೆಚ್ಚು ದುಃಖವಾಯಿತು.

ಕತೆ ಇಲ್ಲಿಗೆ ಬಂದಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಈರಣ್ಣ ಏನು ಉರುಳಿಸಿದನೋ ಎಂದು ಶಾಂತವೀರ ಸಿಡಿಮಿಡಿಗೊಂಡು ಕೂಗಲು ಬಾಯಿ ತೆರೆದ. ಗುರುಗಳು ಕೈ ಅಡ್ಡ ಹಿಡಿದು ತಡೆದರು. ಅವನ ಹೆಗಲ ಮೇಲಿಂದ ಒಳಗೆ ಒಮ್ಮೆ ಕಣ್ಣು ಹಾಯಿಸಿ, ಏನೂ ಆಗಿಲ್ಲ ಎಂಬಂತೆ ಕತೆ ಮುಂದುವರಿಸಿದರು.

ಮರುದಿನದಿಂದ ನೇಕಾರ ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡು ಮಗ್ಗಕ್ಕೆ ಕೂರತೊಡಗಿದ. ಇನ್ನು ಕೂಗಬಾರದು ಎಂದು ಮನಸ್ಸು ಗಟ್ಟಿ ಮಾಡಿದ್ದ, ಆದರೆ ನಾಲಿಗೆಯ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಬಾಯಿ ತೆರೆದರೆ ಎದುರಿನ ಬಟ್ಟೆ ಕೆಂಪಾಗುವುದು ಖಂಡಿತ. ಆ ಹೆದರಿಕೆ ಅವನನ್ನು ಕಾಪಾಡಿತು. ಶಿಷ್ಯನ ಎಳೆ ಕಡಿಯುವುದು ಕೇಳಿಸುತ್ತಿತ್ತು. ಕಡಿದ ಮೇಲೂ ಲಾಳಿ ಓಡುತ್ತಲೇ ಇರುವುದೂ ಕೇಳಿಸುತ್ತಿತ್ತು. ಹಲ್ಲುನೋವನ್ನು ತಡೆದುಕೊಳ್ಳುವವನಂತೆ ಅವನು ತಡೆದುಕೊಂಡ.

ಸಂಜೆ ಮಾತ್ರ ಶಿಷ್ಯನ ಅಂಗೈ ಹಿಡಿದು, ಅಂದು ನೇಯ್ದ ಬಟ್ಟೆಯ ಮೇಲೆ ಮೆಲ್ಲಗೆ ಆಡಿಸಿ ಬಿಟ್ಟುಬಿಡುತ್ತಿದ್ದ. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಬೆರಳಿಗೆ ಕುಂದು ತಾಗಿದರೆ ಶಿಷ್ಯ ತಾನೇ ಕುಳಿತು ಬಿಚ್ಚುತ್ತಿದ್ದ. ಮೊದಮೊದಲು ಮೊಳಗಟ್ಟಲೆ ಬಿಚ್ಚಬೇಕಾಗುತ್ತಿತ್ತು. ಬಿಚ್ಚುವಾಗ ಅಳುತ್ತಿದ್ದ. ಆಮೇಲೆ ಗೇಣಿಗೆ ಬಂತು. ನೇಕಾರನಿಗೆ ವಯಸ್ಸಾಯಿತು, ಕಿವಿ ಮಂದವಾಯಿತು ಎಂದು ಊರು ಆಡಿಕೊಂಡಿತು. ಅವನು ಅದನ್ನೂ ಎಲೆಯಡಿಕೆಯ ಜೊತೆಗೆ ಜಗಿದ.

ಒಂದು ದಿನ ಪಕ್ಕದ ಮಗ್ಗದಲ್ಲಿ ಲಾಳಿ ತಾನಾಗಿ ನಿಂತಿತು. ಶಿಷ್ಯ ಬಗ್ಗಿ ನೋಡಿ, ಕಡಿದ ಎಳೆಯನ್ನು ಹುಡುಕಿ, ಗಂಟು ಹಾಕಿದ. ಯಾರ ಮುಖವನ್ನೂ ನೋಡಲಿಲ್ಲ. ಲಾಳಿ ಮತ್ತೆ ಓಡಿತು. ನೇಕಾರನ ಕಣ್ಣು ತುಂಬಿ ಬಂತು. ಅದು ಶಿಷ್ಯನಿಗೆ ಕಾಣಬಾರದೆಂದು ತನ್ನ ಮಗ್ಗದ ಮೇಲೆ ಬಗ್ಗಿದ. ಅಲ್ಲಿ ಅವನದೇ ಎಳೆ ಕಡಿದು ಬಿದ್ದಿತ್ತು. ಯಾವಾಗ ಕಡಿದಿತ್ತೋ ಅವನಿಗೆ ತಿಳಿಯದು.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನಿಗೆ ನೇಕಾರನ ಮೇಲೆ ಕನಿಕರವೂ ಬಂತು, ನಗುವೂ ಬಂತು. ಪಾಪ, ಪಕ್ಕದವನ ಎಳೆ ಕಾಯುತ್ತ ಕುಳಿತು ತನ್ನದನ್ನೇ ಮರೆತನಲ್ಲ ಎಂದುಕೊಂಡ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಕತೆಯೊಳಗಿನ ಶಿಷ್ಯರು ಕೊನೆಗೆ ತಿದ್ದಿಕೊಳ್ಳಲೇಬೇಕು, ಇಲ್ಲದಿದ್ದರೆ ಕತೆ ಮುಗಿಯುವುದಿಲ್ಲ. ಹೊಸ್ತಿಲ ಬಳಿ ಕುಳಿತಿರುವ ಈರಣ್ಣ ಕತೆಯವನಲ್ಲ.

"ಗುರುಗಳೇ, ನಾನು ಕೂಗದೆ ಸುಮ್ಮನಿದ್ದರೆ ಈರಣ್ಣ ತಾನಾಗಿ ಏಳುತ್ತಾನೆ ಎಂದು ಯಾವ ನಂಬಿಕೆ?"

"ನೀನು ಒಲೆಯ ಮೇಲಿಟ್ಟು ಮರೆತ ಹಾಲನ್ನು ಅವನು ಆಗಲೇ ಇಳಿಸಿದ, ಯಾರೂ ಕೂಗಿರಲಿಲ್ಲ" ಎಂದರು ಗುರುಗಳು.