ಕಾರಿನ ಬೆನ್ನ ಮೇಲಿನ ಹೆಸರು

"ಗುರುಗಳೇ, ಒಬ್ಬರ ಅಹಂಕಾರವನ್ನು ಕಿತ್ತುಹಾಕುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ತಲೆಯೆತ್ತಿದರು. "ಯಾರದನ್ನು ಕಿತ್ತೆ?"

ಶಿಷ್ಯ ನಡೆದದ್ದನ್ನು ಹೇಳಿದ. ಮೂರು ತಿಂಗಳ ಹಿಂದೆ ಮಠಕ್ಕೆ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಬಂದಿದ್ದರು. ಮಠದ ಅಡುಗೆಮನೆಯ ಉಸ್ತುವಾರಿ ಶಿಷ್ಯನದು. ಅವರನ್ನು ಅವನ ಕೈಕೆಳಗೆ ಕೆಲಸಕ್ಕೆ ಬಿಟ್ಟಿದ್ದರು. ಅವರು ಹುರುಳಿಕಾಯಿ ಹೆಚ್ಚಲು ಕೂತರೂ "ನಾನು ಡ್ಯೂಟಿಯಲ್ಲಿದ್ದಾಗ" ಎಂದೇ ಮಾತು ಶುರು ಮಾಡುತ್ತಿದ್ದರು. ಹುರುಳಿಕಾಯಿಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ತೆಗೆದುಕೊಳ್ಳುವುದೊಂದು ಬಾಕಿಯಿತ್ತು. ನಿನ್ನೆ ಮಧ್ಯಾಹ್ನ ಪಂಕ್ತಿಯಲ್ಲಿ, ಎಪ್ಪತ್ತು ಜನರ ಎದುರು, ಶಿಷ್ಯ ಹೇಳಿಬಿಟ್ಟ: "ಸಾಹೇಬರೇ, ನಿಮ್ಮ ಟೋಪಿಯನ್ನು ಸರ್ಕಾರ ಯಾವತ್ತೋ ವಾಪಸ್ ಇಸಿದುಕೊಂಡಿದೆ. ತಲೆ ಇನ್ನೂ ಅದನ್ನು ಬಿಟ್ಟುಕೊಟ್ಟಿಲ್ಲವೇ?" ಕೆಲವರು ನಕ್ಕರು. ಅಧಿಕಾರಿ ಎಲೆಯ ಮುಂದಿನಿಂದ ಎದ್ದು ಹೋದರು. ಆಮೇಲೆ ಊಟಕ್ಕೆ ಬಂದಿಲ್ಲ. ಬೆಳಿಗ್ಗೆ ಯಾರನ್ನೋ ಬಸ್ಸಿನ ವೇಳೆ ಕೇಳಿದರಂತೆ.

"ನಾನು ಸುಳ್ಳು ಹೇಳಲಿಲ್ಲ. ಅಂಟಿಕೊಂಡದ್ದನ್ನು ಕಿತ್ತೆ. ಕೀಳುವಾಗ ನೋವಾಗುತ್ತದೆ. ಅವರು ಹೊರಟರೆ ಅದು ನನ್ನ ತಪ್ಪೇ?"

"ಬಸ್ಸು ಎಷ್ಟು ಗಂಟೆಗೆ?"

"ನಾಲ್ಕಕ್ಕೆ."

"ಹಾಗಾದರೆ ಒಂದು ಕತೆಗೆ ಹೊತ್ತಿದೆ. ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಕಾರು ಮಾರುವ ಒಬ್ಬ ವರ್ತಕನಿದ್ದ. ತಾನು ಮಾರಿದ ಪ್ರತಿ ಕಾರಿನ ಹಿಂಬಾಗಿಲಿಗೂ ತನ್ನ ಹೆಸರನ್ನು ಬೆಳ್ಳಿ ಬಣ್ಣದ ಅಕ್ಷರಗಳಲ್ಲಿ ಅಂಟಿಸಿ ಕಳಿಸುತ್ತಿದ್ದ. ಅಂಟಿಸಿ ಎಂದು ಯಾರೂ ಕೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳುತ್ತಿರಲಿಲ್ಲ. ನಾನು ತಿರುಗಿದ ಊರುಗಳಲ್ಲೆಲ್ಲ ಹೀಗೇ ಇದೆ. ಕೊಂಡವನು ಮಾರಿದವನ ಹೆಸರು ಹೊತ್ತುಕೊಂಡು ಓಡಾಡುತ್ತಾನೆ.

ವರ್ತಕ ತನಗೆಂದು ಒಂದು ಕಡುನೀಲಿ ಕಾರು ಇಟ್ಟುಕೊಂಡಿದ್ದ. ಅದರ ಮೇಲಿನ ಅಕ್ಷರಗಳು ಉಳಿದವಕ್ಕಿಂತ ದೊಡ್ಡವು. ಆ ಕಾರನ್ನು ಒಬ್ಬ ಚಾಲಕ ಹದಿನಾಲ್ಕು ವರ್ಷ ಓಡಿಸಿದ. ವರ್ತಕನಿಗೆ ವಯಸ್ಸಾಯಿತು. ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಡುವಾಗ ಕಾರನ್ನು ಚಾಲಕನ ಹೆಸರಿಗೇ ಮಾಡಿಕೊಟ್ಟ.

ಚಾಲಕ ಬೇಕಾದ ಕಾಗದಪತ್ರ ಮಾಡಿಸಿ, ಕಾರನ್ನು ಬಾಡಿಗೆಗೆಂದು ಸ್ಟ್ಯಾಂಡಿಗೆ ತಂದು ನಿಲ್ಲಿಸಿದ. ಮೊದಲ ದಿನವೇ ಅಲ್ಲಿನವರು ಸುತ್ತ ನಿಂತರು.

"ಏನಣ್ಣಾ, ಸಾವ್ಕಾರ್ರು ಒಳಗೆ ಮಲಗಿದ್ದಾರಾ? ಮೆಲ್ಲಗೆ ಮಾತಾಡಬೇಕಾ?"

"ಕಾರು ನಂದು ಕಣಪ್ಪಾ."

"ಹೌದಾ? ಅದರ ಬೆನ್ನು ಬೇರೆ ಏನೋ ಹೇಳ್ತಿದೆ."

ಬಾಡಿಗೆಗೆ ಬಂದವರೂ ಅಕ್ಷರ ನೋಡಿ, "ನಿಮ್ಮ ಮಾಲೀಕರ ನಂಬರ್ ಕೊಡಿ, ಅವರ ಹತ್ತಿರವೇ ಮಾತಾಡುತ್ತೇವೆ" ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಅವನನ್ನು ಊರು 'ಸಾವ್ಕಾರ್ರ ಡ್ರೈವರ್' ಎಂದು ಕರೆದಿತ್ತು. ಸ್ವಂತ ಕಾರಿನಲ್ಲಿ ಕೂತ ಮೇಲೂ ಅದು ತಪ್ಪಲಿಲ್ಲ.

ಅವನು ಮನೆಗೆ ಹೋಗಿ ಬ್ಲೇಡು ಹಿಡಿದ. ಹಿಂದಿನ ಗಾಜಿನ ಮೇಲೆ ವರ್ತಕನ ವಿಳಾಸದ ಚೀಟಿ ಇತ್ತು. ಅದು ಸಲೀಸಾಗಿ ಬಂತು. ಅದೇ ಉತ್ಸಾಹದಲ್ಲಿ ಬ್ಲೇಡನ್ನು ಬಾಗಿಲಿನ ಮೊದಲ ಅಕ್ಷರದ ಅಡಿಗೆ ತೂರಿಸಿದ. ಅಕ್ಷರ ಅಲುಗಲಿಲ್ಲ. ಬಣ್ಣದ ಮೇಲೆ ಬೆರಳಿನುದ್ದ ಗೀರು ಬಿತ್ತು.

ಚಾಲಕ ಬ್ಲೇಡು ಕೆಳಗಿಟ್ಟ. ಕಾರಿನ ಮೇಲಿದ್ದದ್ದು ಕಾರ್ಖಾನೆಯಲ್ಲಿ ಹೊಡೆದ ಬಣ್ಣ. ಒಂದು ಬಾಗಿಲಿಗೆ ಹೊಸ ಬಣ್ಣ ಹೊಡೆಸಿದರೆ ಅದು ಉಳಿದ ಮೈಗೆ ಹೊಂದುವುದಿಲ್ಲ. ನೋಡಿದವರು, ಇದನ್ನು ಎಲ್ಲೋ ಗುದ್ದಿಸಿದ್ದಾನೆ ಎನ್ನುತ್ತಾರೆ. ಹದಿನಾಲ್ಕು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವನು ಎಂಬುದೊಂದೇ ಅವನ ಬಳಿಯಿದ್ದ ಯೋಗ್ಯತಾಪತ್ರ. ಅಕ್ಷರಗಳನ್ನು ಹಾಗೇ ಬಿಟ್ಟರೆ ಕಾರು ಅವನದಾಗುವುದಿಲ್ಲ. ಕಿತ್ತರೆ ಆ ಯೋಗ್ಯತಾಪತ್ರ ಹೋಗುತ್ತದೆ.

ಲಾರಿಗಳಿಗೆ ಬಣ್ಣ ಹೊಡೆಯುವ ಓಣಿಯಲ್ಲಿ ಒಬ್ಬ ಹೆಂಗಸು ಈ ಕೆಲಸ ಮಾಡುತ್ತಾಳೆಂದು ಯಾರೋ ಹೇಳಿದರು. ಅವಳ ಗಂಡ ಲಾರಿಗಳ ಮೇಲೆ ಹೆಸರು ಬರೆಯುತ್ತಿದ್ದ. ಅವಳು ಹೆಸರು ತೆಗೆಯುತ್ತಿದ್ದಳು. ಅಷ್ಟು ಸೊಗಸಾಗಿ ಕೆಲಸ ಹಂಚಿಕೊಂಡ ದಂಪತಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚಾಲಕ ಕೈಯಲ್ಲೊಂದು ಬಾಟಲಿ ಹಿಡಿದು ಬಂದ. ಹೆಂಗಸು ಅವನ ಮುಖ ನೋಡಲಿಲ್ಲ, ಗೀರು ನೋಡಿದಳು.

"ಬ್ಲೇಡಾ?"

"ಗಾಜಿನ ಮೇಲೆ ಚೆನ್ನಾಗೇ ಬಂತಲ್ಲಕ್ಕಾ."

"ಗಾಜು ಕಲ್ಲಿನ ಜಾತಿ ಅಣ್ಣಾ, ತಡಕೊಳ್ಳುತ್ತೆ. ಇದು ಚರ್ಮದ ಜಾತಿ. ಆ ಬಾಟಲಿಯಲ್ಲಿ ಏನು?"

"ಥಿನ್ನರ್."

"ನಮ್ಮ ಯಜಮಾನರಿಗೆ ಕೊಟ್ಟು ಬನ್ನಿ, ಕುಂಚ ತೊಳೆಯೋಕಾಗುತ್ತೆ. ಅಂಟು ಯಾವುದು, ಬಣ್ಣ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಎರಡನ್ನೂ ಕರಗಿಸುತ್ತೆ."

ಅವಳು ಮೊದಲು ಬಾಗಿಲನ್ನು ಸೋಪಿನ ನೀರಿನಲ್ಲಿ ತೊಳೆದಳು. ಒಂದು ಕಣ ಧೂಳು ಉಳಿದರೂ ಗೀರುವುದು ಅದೇ. ಆಮೇಲೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಅಕ್ಷರಗಳ ಮೇಲೆ ಹೊದಿಸಿದಳು. ಆರಿದಾಗ ಇನ್ನೊಂದು. ಅದು ಆರಿದಾಗ ಮತ್ತೊಂದು. ನಡುನಡುವೆ ಜ್ವರ ನೋಡುವವರ ಹಾಗೆ ಹಿಂಗೈಯಿಂದ ಮುಟ್ಟಿ ನೋಡುತ್ತಿದ್ದಳು. ಹನ್ನೆರಡನೆಯ ಬಟ್ಟೆಗೆ ತಲೆಯಾಡಿಸಿದಳು.

ಮೀನಿನ ಗಾಳಕ್ಕೆ ಕಟ್ಟುವ ನೂಲೊಂದನ್ನು ತಂದಳು. ಅದರ ಎರಡು ತುದಿಗಳನ್ನು ಎರಡು ಕೈಗೆ ಸುತ್ತಿಕೊಂಡು, ಅಕ್ಷರದ ಹಿಂದೆ ಇಳಿಸಿ, ಮೊಸರು ಕಡೆಯುವವಳ ಹಾಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆದಳು. ಬಿಸಿಗೆ ಮೆತ್ತಗಾದ ಅಂಟನ್ನು ನೂಲು ಕೊಯ್ಯುತ್ತ ಹೋಯಿತು. ಬಣ್ಣ ಅದಕ್ಕೆ ಸಿಗಲಿಲ್ಲ. ಮೊದಲ ಅಕ್ಷರ ಅವಳ ಅಂಗೈಗೆ ಬಂತು. ನೆಲಕ್ಕೆ ಬೀಳಲು ಬಿಡದೆ ಎಲ್ಲವನ್ನೂ ಒಂದೊಂದಾಗಿ ಬಟ್ಟಲಲ್ಲಿಟ್ಟು ಅವನಿಗೆ ಕೊಟ್ಟಳು.

"ಇದನ್ನೇನು ಮಾಡಲಿ?"

"ಇರಲಿ. ಅವರ ಹೆಸರು ಅವರಿಗೆ ಬೇಕಾದರೆ ಕೊಡಬಹುದು."

ಬಾಗಿಲ ಮೇಲೆ ಕಪ್ಪು ಅಂಟು ಉಳಿದಿತ್ತು. ರೊಟ್ಟಿ ಹಿಟ್ಟು ಮೆತ್ತಿದ ಬೆರಳನ್ನು ತಿಕ್ಕಿ ಬಿಡಿಸಿಕೊಳ್ಳುತ್ತೇವಲ್ಲ, ಹಾಗೆ ಅವಳು ಹೆಬ್ಬೆರಳಿನಿಂದ ಅದನ್ನು ಉರುಳಿಸುತ್ತ ಉಂಡೆ ಮಾಡಿ ತೆಗೆದಳು. ಚಾಲಕ ನೋಡಿ ನೋಡಿ ಬೇಸತ್ತ.

"ಉಗುರಿನಲ್ಲಿ ಕೆರೆದರೆ ಬೇಗ ಬರುತ್ತಲ್ಲಕ್ಕಾ?"

"ಗೀರಾ? ಬರುತ್ತೆ. ಬಂದದ್ದು ಹೋಗಲ್ಲ ಅಷ್ಟೆ."

ಕೊನೆಗೆ ತೆಳ್ಳನೆಯ ಜಿಡ್ಡು ಉಳಿಯಿತು. ಅದಕ್ಕೆ ನೀಲಗಿರಿ ಎಣ್ಣೆ ತೆಗೆದಳು. ಮೊದಲು ಎರಡು ಹನಿಯನ್ನು ಬಟ್ಟೆಗೆ ಹಾಕಿ ಬಾಗಿಲಿನ ಒಳ ಅಂಚಿಗೆ, ಯಾರ ಕಣ್ಣಿಗೂ ಬೀಳದ ಕಡೆ, ಒರೆಸಿ ಕಾದಳು. ಬಟ್ಟೆಗೆ ನೀಲಿ ಹತ್ತಲಿಲ್ಲ. ಆಮೇಲೆಯೇ ಹೊರಗೆ ಒರೆಸಿದಳು. ಎಣ್ಣೆಯೂ ಉಳಿಯಬಾರದೆಂದು ಮತ್ತೆ ಸೋಪು ಹಾಕಿ ತೊಳೆದಳು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವಳು, ಪ್ರತಿ ಕಾರಿನಲ್ಲೂ ಆ ಒಳ ಅಂಚನ್ನು ಮೊದಲು ಕೇಳಿಯೇ ಮುಂದುವರಿಯುತ್ತಿದ್ದಳು.

ನೀರು ಆರಿತು. ಚಾಲಕ ನೋಡಿದ. ಅಕ್ಷರಗಳು ಹೋಗಿದ್ದವು, ಹೆಸರು ಹಾಗೇ ಇತ್ತು. ಮಾಸಿದ ನೀಲಿಯ ನಡುವೆ ಹೊಳೆಯುವ ನೀಲಿಯಲ್ಲಿ ವರ್ತಕನ ಹೆಸರನ್ನು ಯಾರು ಬೇಕಾದರೂ ಓದಬಹುದಾಗಿತ್ತು. ಅವನು ನೆಲದ ಮೇಲೆ ಕೂತುಬಿಟ್ಟ.

"ಅಕ್ಕಾ, ಇದು ಒಳಗೇ ಇಳಿದುಬಿಟ್ಟಿದೆ."

ಹೆಂಗಸು ಕೇಳಿದಳು: "ದಿನಾ ಕಾರು ಹೇಗೆ ಒರೆಸ್ತಿದ್ರಿ?"

"ಬೆಳಿಗ್ಗೆ ಎದ್ದ ತಕ್ಷಣ ಒಣಬಟ್ಟೆಯಲ್ಲಿ. ಹದಿನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ."

"ಧೂಳಿನ ಮೇಲೇ?"

"ಧೂಳು ಹೋಗಲಿ ಅಂತಲೇ ಅಲ್ವಾ ಒರೆಸೋದು?"

"ಹಾಗಾದರೆ ಕೇಳಿ. ಹೊಳೀತಾ ಇರೋದು ಸಾವ್ಕಾರ್ರ ಕಲೆಯಲ್ಲ, ಕಾರು ಹುಟ್ಟಿದ ದಿನದ ಬಣ್ಣ. ಅಕ್ಷರದ ಕೆಳಗೆ ಬಿಸಿಲೂ ಹೋಗಲಿಲ್ಲ, ನಿಮ್ಮ ಬಟ್ಟೆಯೂ ಹೋಗಲಿಲ್ಲ. ಮಿಕ್ಕಿದ್ದನ್ನೆಲ್ಲ ನೀವೇ ಧೂಳು ಸೇರಿಸಿ ದಿನಾ ತಿಕ್ಕಿದ್ದೀರಿ. ಪ್ರೀತಿಯಿಂದಲೇ ತಿಕ್ಕಿದ್ದೀರಿ, ಇಲ್ಲ ಅನ್ನಲ್ಲ."

ಅವಳು ಹೊಳೆಯುವ ಹೆಸರನ್ನು ಅಳಿಸಲು ಹೋಗಲಿಲ್ಲ. ಒದ್ದೆ ಬಟ್ಟೆಗೆ ಪಾಲಿಶ್ ಹಚ್ಚಿ ಅದರ ಸುತ್ತಲಿನ ಮಸುಕನ್ನು ತಿಕ್ಕಲು ಶುರು ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯನ್ನು ಅವನ ಕೈಗೆ ಕೊಟ್ಟು, "ಒತ್ತಬೇಡಿ, ಸುತ್ತುಸುತ್ತಾಗಿ ತಿಕ್ಕಿ" ಎಂದಳು. ಅವನು ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಹಾಗೇ ತಿಕ್ಕಿದ. ಸುತ್ತಲಿನ ನೀಲಿ ಮೆಲ್ಲಮೆಲ್ಲಗೆ ಹೆಸರಿನ ನೀಲಿಯ ಮಟ್ಟಕ್ಕೆ ಏರಿತು. ಅಕ್ಷರಗಳ ಅಂಚು ಒಂದೊಂದಾಗಿ ಕರಗಿತು. ಬ್ಲೇಡಿನ ಗೀರು ಕೂದಲಿನಷ್ಟು ಉಳಿಯಿತು, ಗೊತ್ತಿದ್ದವರಿಗೆ ಮಾತ್ರ ಕಾಣುವಂತೆ. ಅವಳು ಮೇಲೊಂದು ಕೈ ಮೇಣ ಹಚ್ಚಿದಳು.

ಆಗ ಚಾಲಕ ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದ. ಅದರೊಳಗೆ ಬೆಳ್ಳಿ ಬಣ್ಣದ ಅಕ್ಷರಗಳಿದ್ದವು. ಅವನದೇ ಹೆಸರು. ವರ್ತಕನ ಒಂದು ಅಕ್ಷರವೂ ಅಲುಗುವ ಮೊದಲೇ ಮಾಡಿಸಿ ಇಟ್ಟುಕೊಂಡಿದ್ದ. ಅವಳು ಬಟ್ಟೆ ಹೊದಿಸುವಾಗಲೂ, ನೂಲು ಎಳೆಯುವಾಗಲೂ ಅದು ಅವನ ಎದೆಯ ಮೇಲೇ ಇತ್ತು.

"ಅಕ್ಕಾ, ಇದನ್ನು ಅದೇ ಜಾಗಕ್ಕೆ ಅಂಟಿಸಿಕೊಡಿ."

ಹೆಂಗಸು ನಗಲಿಲ್ಲ. "ಅಂಟಿಸುತ್ತೇನೆ, ಅದಕ್ಕೇನಂತೆ. ಎಲ್ಲಿ ಅಂತ ತೋರಿಸಿ."

ಚಾಲಕ ಬೆರಳು ಚಾಚಿದ. ಬಾಗಿಲು ಪೂರ್ತಿ ಒಂದೇ ನೀಲಿ. ಅದರಲ್ಲಿ ಓಣಿ ಕಾಣುತ್ತಿತ್ತು, ಬಣ್ಣದ ಡಬ್ಬಗಳು ಕಾಣುತ್ತಿದ್ದವು, ಬೆರಳು ಚಾಚಿ ನಿಂತ ಅವನೇ ಕಾಣುತ್ತಿದ್ದ. ಹೆಸರು ಇದ್ದ ಜಾಗ ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ. ಬೆರಳನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಆಡಿಸಿ ಇಳಿಸಿದ.

"ಈ ಕಾರಿನ ಮೈಮೇಲೆ ನಿಮ್ಮ ಕೈ ಬೀಳದ ಜಾಗ ಇದ್ದದ್ದು ಅದೊಂದೇ" ಎಂದಳು ಹೆಂಗಸು. "ಇವತ್ತು ಅಲ್ಲಿಗೂ ಬಿತ್ತಲ್ಲ."

ಅವನು ಪೊಟ್ಟಣವನ್ನು ಮಡಚಿಕೊಂಡು ಕಾರು ಹತ್ತಿದ. ಮರುದಿನ ಸ್ಟ್ಯಾಂಡಿನಲ್ಲಿ ಒಬ್ಬ ಕಾರಿನ ಸುತ್ತ ಒಂದು ಸುತ್ತು ಬಂದು, "ಯಾರದಣ್ಣಾ ಇದು?" ಎಂದು ಕೇಳಿದ. "ನಂದು" ಎಂದ ಚಾಲಕ. ಕೇಳಿದವನು ನಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. "ಅರ್ಥವಾಯಿತು ಗುರುಗಳೇ. ಬಿಸಿ ಕೊಡಬೇಕಾದಲ್ಲಿ ನಾನು ಬ್ಲೇಡು ಹಿಡಿದೆ. ಅದೂ ಎಪ್ಪತ್ತು ಜನರ ಎದುರು. ಈಗಲೇ ಹೋಗಿ ಸಾಹೇಬರ ಕ್ಷಮೆ ಕೇಳುತ್ತೇನೆ, ಕೈಹಿಡಿದು ಊಟಕ್ಕೆ ಕರೆತರುತ್ತೇನೆ. ಇನ್ನು ಮುಂದೆ ಆ ಹೆಂಗಸಿನ ಹಾಗೆ ಮೆಲ್ಲಗೆ ಬಿಡಿಸುತ್ತೇನೆ." ಹೀಗೆಂದು ನಮಸ್ಕರಿಸಿ ಎದ್ದ, ಬಾಗಿಲವರೆಗೆ ಹೋದ.

"ಹೋಗು," ಎಂದರು ಗುರುಗಳು, "ನಿನ್ನೆ ಅವರ ಹೆಸರು ಕೀಳುವಾಗ, ಆ ಜಾಗಕ್ಕೆ ಅಂಟಿಸಲು ನಿನ್ನ ಜೇಬಿನಲ್ಲಿ ಯಾರ ಹೆಸರಿತ್ತು ಎಂದು ನೋಡಿಕೊಂಡು ಹೋಗು."