ಕಳೆ ತಂದ ಬೋರಕ್ಕ

ಒಂದಾನೊಂದು ಊರು ಅಂತ ಶುರು ಮಾಡ್ತೀನಿ. ಯಾವೂರು ಅಂತ ಮಧ್ಯೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ, ಈಗಲೇ ಹೇಳಿದೀನಿ. ಆ ಊರಲ್ಲಿ ಒಬ್ಬ ದೊರೆ. ಕುರಿ ಕಾಯೋರ ಹಟ್ಟಿಯ ಮಲ್ಲಾಜಿಯನ್ನ ಮೆಚ್ಚಿ, ಮದುವೆಯಾಗಿ, ರಾಣಿ ಮಾಡ್ಕೊಂಡಿದ್ನಂತೆ.

ಅವಳಿಗೆ ಅಂತ ಒಂದು ತೋಟ ಮಾಡಿಸಿದ. ಏಳು ದೇಶದ ಹೂಗಿಡ, ಏಳು ಬಾವಿ ನೀರು. ನೋಡ್ಕೊಳ್ಳೋಕೆ ಬೋರಕ್ಕ ಅನ್ನೋ ಮುದುಕಿ. ತೋಟದ ಮೂಲೇಲೇ ಅವಳ ಗುಡಿಸಲು. ದೊರೆ ಅವಳಿಗೆ ಹೇಳಿದ್ದು ಒಂದೇ ಮಾತು: "ನೋಡು ಬೋರಕ್ಕ, ಒಂದೇ ಒಂದು ಕಳೆ ಕಣ್ಣಿಗೆ ಬೀಳಬಾರದು." ಮೂರು ವರ್ಷ ಪಾಪ, ಬೆಳಗಿಂದ ಬೈಗಿನವರೆಗೂ ಕಿತ್ತಿದ್ದೇ ಕಿತ್ತಿದ್ದು.

ಶಿವರಾತ್ರಿ ಮುಗೀತು, ಹೊಂಗೆ ಚಿಗುರಿತು, ತೋಟ ತುಂಬ ಹೂವಾಯ್ತು. ರಾಣಿ ಮಾತ್ರ ದಿನೇ ದಿನೇ ಬಾಡ್ತಾ ಬಂದ್ಲಂತೆ. ಅನ್ನ ಬೇಡ, ಹಾಲು ಬೇಡ. ದೊರೆ ಒಂದು ಸಲ ಕೇಳಿದ, ಎರಡು ಸಲ ಕೇಳಿದ, ಮೂರು ಸಲ ಕೇಳಿದ. ಮೂರು ಸಲಕ್ಕೂ "ಏನಿಲ್ಲ ಬಿಡಿ" ಅಂದ್ಲಂತೆ. ಅರಮನೇಲಿ ಕೂತ್ಕೊಂಡು ನಮ್ಮ ಹಟ್ಟಿಯ ಬದು ನೆನಪಾಗುತ್ತೆ ಅಂದ್ರೆ ಜನ ನಗಲ್ವಾ ಅಂತ ಅವಳಿಗೆ ನಾಚಿಕೆ. ವೈದ್ಯರು ನಾಡಿ ಹಿಡಿದು, "ಹಿಂಗೇ ಆದ್ರೆ ಈ ಜೀವ ಯುಗಾದಿ ಕಾಣಲ್ಲ" ಅಂದುಬಿಟ್ರು.

ದೊರೆಗೆ ಸಂಕಟ. ದೊಡ್ಡೋರಿಗೆ ಸಂಕಟ ಬಂದ್ರೆ ಬೈಸ್ಕೊಳ್ಳೋರು ಯಾರು? ನಮ್ಮಂಥೋರೇ. ತೋಟಕ್ಕೆ ಬಂದವನೇ ಬೋರಕ್ಕನ ಮೇಲೆ ಹರಿಹಾಯ್ದ.

"ಇಷ್ಟು ದೊಡ್ಡ ತೋಟ ಇದ್ದೂ ರಾಣಿ ಮುಖದಲ್ಲಿ ಕಳೆ ಇಲ್ಲ! ನಾಳೆ ಹೊತ್ತು ಮುಳುಗೋದ್ರೊಳಗೆ ಕಳೆ ತರಬೇಕು. ಇಲ್ಲಾಂದ್ರೆ ಗುಡಿಸಲು ಖಾಲಿ ಮಾಡು."

"ಕಳೇನಾ ಬುದ್ಧಿ?"

"ಹೂಂ, ಕಳೇನೇ!"

ಕಿತ್ತು ಕಿತ್ತು ಬೆನ್ನು ಬಗ್ಗಿದ ಮುದುಕಿಗೆ ಕಳೆ ಅಂದ್ರೆ ಒಂದೇ ಅರ್ಥ. "ಇಷ್ಟು ದಿನ ಕೀಳು ಅಂದ, ಈಗ ತಾ ಅಂತಾನೆ" ಅಂತ ಗೊಣಗ್ತಾ, ಬೆಳಗಾಗ್ತಿದ್ದಂಗೆ ಪುಟ್ಟಿ ಎತ್ಕೊಂಡು ಹೊರಟ್ಲು. ತೋಟದಲ್ಲಿ ಒಂದಾದ್ರೂ ಉಳಿದಿದ್ರೆ ತಾನೆ! ಕೆರೆ ಏರಿ ಹತ್ತಿದ್ಲು, ಹೊಲದ ಬದು ಹಿಡಿದ್ಲು. ಅಬ್ಬಬ್ಬಾ, ಏನು ಕಾಲ ಅದು! ಬದು ಉದ್ದಕ್ಕೂ ಬೆಳ್ಳಗೆ ತುಂಬೆ ಹೂವು, ಅದರ ಮೇಲೆ ಪುಟಾಣಿ ಚಿಟ್ಟೆಗಳು. ಗೌಜಲಕ್ಕಿ ಮರಿಗಳನ್ನ ಕರ್ಕೊಂಡು ದಾರಿ ದಾಟ್ತಿತ್ತು. ನಾನೂ ನಡೆದಿದೀನಿ ಅಂಥ ಬದುವಲ್ಲಿ, ಲಂಗ ಎತ್ತಿ ಕಟ್ಕೊಂಡು. ಇರಲಿ.

ಪುಟ್ಟಿ ತುಂಬ ತುಂಬೆ ಗಿಡ, ಬೇರಿನ ಮಣ್ಣು ಸಮೇತ, ತಂದು ನೆಟ್ಟಗೆ ರಾಣಿ ಮಂಚದ ಮುಂದೆ ಸುರಿದ್ಲಂತೆ. ಅಲ್ಲೇ ಕೂತಿದ್ದ ದೊರೆ ಮುಖ ಕೆಂಪಗಾಯ್ತು.

"ಏನೇ ಇದು?"

"ಕಳೆ, ಬುದ್ಧಿ. ತಾವೇ ತಾ ಅಂದ್ರಲ್ಲ."

ದೊರೆ ಇನ್ನೊಂದು ಮಾತಾಡೋಷ್ಟರಲ್ಲಿ ರಾಣಿ ಎದ್ದು ಕೂತ್ಲು. ಒಂದು ತುಂಬೆ ಹೂವನ್ನ ಮೆಲ್ಲಗೆ ಬಿಡಿಸಿ, ಹಿಂದಿನ ತುದಿ ತುಟಿಗಿಟ್ಟು, ಜೇನು ಚೀಪಿದ್ಲು. ಕಣ್ಣಲ್ಲಿ ಬಳಬಳ ನೀರು.

"ನಾನೂ ನನ್ನ ತಂಗಿ ನಿಂಗಿಯೂ ಕುರಿ ಹಿಂದೆ ಹೋಗುವಾಗ ಹಿಂಗೇ ಚೀಪ್ತಿದ್ವಿ. ಮೊದಲ ತುಂಬೆ ಹೂವು ಯಾರಿಗೆ ಕಾಣುತ್ತೋ ಆ ವರ್ಷಕ್ಕೆ ಅವಳೇ ಅಕ್ಕ. ಆ ಕಳ್ಳಿ ಪ್ರತಿ ವರ್ಷ ನನಗೇ ಅಕ್ಕ ಆಗ್ತಿದ್ಲು!" ಅಂತ ಅಳ್ತಾ ಅಳ್ತಾ ನಕ್ಕುಬಿಟ್ಲಂತೆ.

ದೊರೆ ಅವಳ ಮುಖಾನೇ ನೋಡ್ತಾ ನಿಂತ. ಕಳೆ ಬಂದಿತ್ತು.

"ಬೋರಕ್ಕ, ಇದನ್ನೆಲ್ಲ ತೋಟದಲ್ಲಿ ನೆಡು."

"ನೆಡೋದೇನು ಬುದ್ಧಿ? ನಾನು ಕೀಳೋದು ಬಿಟ್ರೆ ಸಾಕು, ಅದೇ ಬರುತ್ತೆ."

ಅವತ್ತು ರಾಣಿ ಹೊಟ್ಟೆ ತುಂಬ ಉಂಡ್ಲು. ದೊರೆ ಹಟ್ಟಿಗೆ ಪಲ್ಲಕ್ಕಿ ಕಳಿಸಿ ನಿಂಗಿಯನ್ನ ಕರೆಸಿದ. ಮಾರನೇ ಬೆಳಗ್ಗೆ ಅಕ್ಕ ತಂಗಿ ಇಬ್ಬರೂ ಬರಿಗಾಲಲ್ಲಿ ಬದು ಹಿಡಿದ್ರಂತೆ. ಮೊದಲ ತುಂಬೆ ಯಾರಿಗೆ ಕಂಡಿತು ಅಂತೀರಾ? "ಅಕ್ಕಾ!" ಅಂತ ರಾಣಿ ಕೂಗಿದ್ದು ಅರಮನೆವರೆಗೂ ಕೇಳಿಸ್ತಂತೆ.

ಅವರು ಅಲ್ಲಿ ತುಂಬೆ ಚೀಪ್ಕೊಂಡು ಸುಖವಾಗಿದ್ರು, ನಾನಿಲ್ಲಿ ಬೊಚ್ಚು ಬಾಯಲ್ಲಿ ಕಥೆ ಹೇಳ್ಕೊಂಡು ಕೂತಿದೀನಿ. ಏಳಿ, ಬೆಳಕಿರುವಾಗಲೇ ಬದು ಕಡೆ ಹೋಗಿ ಬನ್ನಿ. ಬರ್ತಾ ನನಗೂ ಒಂದು ಹೂವು ತನ್ನಿ.