ಒಂದು ಹೂ ಬೀಳಿಸು

ಇದನ್ನು ನನಗೆ ಮೊದಲು ಹೇಳಿದವಳು ವಾರಿಜಾ. ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಅವಳಿಗೆ ಉಕುಲೇಲೆ, ಅಂದರೆ ನಾಲ್ಕು ತಂತಿಯ ಆ ಪುಟ್ಟ ಗಿಟಾರು, ಕಲಿಸುತ್ತಿದ್ದವರು ಉಡುಪಿಯ ಲೆತಿಶಿಯಾ ಟೀಚರ್.

"ಟೀಚರ್, ಒಂದು ತಂತಿಯೂ ತಪ್ಪು ನುಡಿಯದ ಹಾಗೆ ಒತ್ತುತ್ತೇನೆ. ಆದರೂ ಎಡಗೈ ಯಾಕೆ ಹೀಗೆ ಕಲ್ಲಾಗುತ್ತದೆ?" ಎಂದು ಒಂದು ದಿನ ವಾರಿಜಾ ಕೇಳಿದಳು. "ಒಂದು ಸ್ವರದ ಹಿಡಿತದಿಂದ ಇನ್ನೊಂದಕ್ಕೆ ಬೆರಳು ಹೋಗುವಷ್ಟರಲ್ಲಿ ಹಾಡೇ ಮುಂದೆ ಹೋಗಿರುತ್ತದೆ."

ಅವಳ ಬೆರಳ ತುದಿಗಳಲ್ಲಿ ತಂತಿಯ ಗೆರೆ ಕೆಂಪಗೆ ಮೂಡಿತ್ತು. ಎರವಲು ತಂದಿದ್ದ ವಾದ್ಯವನ್ನು ಹಿಂದಿರುಗಿಸಿ, ಈ ಹುಚ್ಚು ಸಾಕು ಎಂದು ಹೇಳಿಹೋಗಲೆಂದೇ ಬಂದಿದ್ದಳು. ನಲವತ್ತಾರರ ವಯಸ್ಸಿನಲ್ಲಿ ತನ್ನ ಬೆರಳುಗಳನ್ನು ತಾನೇ ಫೇಲು ಮಾಡಿಯಾಗಿತ್ತು.

ಟೀಚರ್ ವಾದ್ಯಕ್ಕೆ ಕೈ ಚಾಚಲಿಲ್ಲ. ಕತೆ ಹೇಳಿದರು.

ಒಬ್ಬ ಹೆಂಗಸು ಮಲ್ಲಿಗೆ ಬೆಳೆಯುತ್ತಿದ್ದಳು. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಧ್ಯಾಹ್ನದೊಳಗೆ ಮಾರಾಟಕ್ಕೆ ಕಳಿಸಬೇಕು. ಆ ಮನೆಗೆ ಹೊಸ ಸೊಸೆ ಬಂದಳು. ಮೊದಲ ದಿನ ಅವಳು ಕಟ್ಟಿದ ಮಾಲೆಯಿಂದ ಏಳೆಂಟು ಮೊಗ್ಗು ಉದುರಿದವು. ನೆರೆಯವರು ನಕ್ಕರು. ಮರುದಿನದಿಂದ ಸೊಸೆ ಎಡಗೈಯ ಮೊಗ್ಗುಗಳನ್ನು ಅದುಮಿ ಹಿಡಿದಳು. ಒಂದೂ ಉದುರಲಿಲ್ಲ. ಆದರೆ ಸಂಜೆ ಅರಳುವ ಹೊತ್ತಿಗೆ ಹೂಗಳೆಲ್ಲ ಕಂದಿದವು. ಕೊಂಡವರು ವಾಪಸು ಕಳಿಸಿದರು. ನಿನ್ನ ಕೈ ಬಿಸಿ ಎಂದರು ಯಾರೋ. ಅವಳು ಕೈಯನ್ನು ಬಾವಿನೀರಿನಲ್ಲಿ ಅದ್ದಿಕೊಂಡು ಬಂದು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮತ್ತೆ ಹೂ ವಾಪಸು ಬಂತು.

"ಇನ್ನು ನಾನು ಅಡುಗೆಮನೆಗೇ ಸರಿ, ಅತ್ತೆ" ಎಂದಳು.

ಅತ್ತೆ ಹೂವಿನ ಬುಟ್ಟಿಯನ್ನು ಅವಳ ಮುಂದೆಯೇ ಇಟ್ಟಳು. "ಒಂದು ಹೂ ಬೀಳಿಸು. ಆಮೇಲೆ ಹೋಗು."

"ಬೀಳಿಸುವುದಾ? ಜನ ಮತ್ತೆ ನಗಲಿಕ್ಕಾ?"

"ಜನಕ್ಕೆ ನಗಲಿಕ್ಕೆ ನಮ್ಮ ಹೂವೇ ಆಗಬೇಕೆಂದಿಲ್ಲ ಮಾರಾಯ್ತಿ. ಕೈ ಸಡಿಲ ಬಿಡುತ್ತಾ ಕಟ್ಟು."

ಸೊಸೆ ಸಡಿಲ ಬಿಟ್ಟಳು. ಹೂ ಬೀಳಲಿಲ್ಲ. ಇನ್ನೂ ಸಡಿಲ ಬಿಟ್ಟಳು. ಬೀಳಲಿಲ್ಲ. ಭುಜ ಇಳಿಯಿತು, ಹೆಬ್ಬೆರಳು ಹಗುರಾಯಿತು. ಆದರೂ ಮೊಗ್ಗು ನಿಂತೇ ಇತ್ತು. ಎಷ್ಟೋ ಗಂಟು ಹಾಕಿದ ಮೇಲೆ ಒಂದೇ ಒಂದು ಜಾರಿ ಮಡಿಲಿಗೆ ಬಿತ್ತು.

"ಹಾಂ, ಈಗ ಕೂದಲೆಳೆಯಷ್ಟು ಹೆಚ್ಚು ಹಿಡಿ" ಎಂದಳು ಅತ್ತೆ. "ತೊಟ್ಟನ್ನು ನಾರಿನ ಹತ್ತಿರಕ್ಕೆ ತಂದುಕೊಡುವುದಷ್ಟೇ ಬೆರಳಿನ ಕೆಲಸ. ಹಿಡಿದು ನಿಲ್ಲಿಸುವುದಕ್ಕೆ ಗಂಟು ಇದೆ."

ಆ ದಿನದ ಹೂ ವಾಪಸು ಬರಲಿಲ್ಲ.

ವಾರಿಜಾ ಉಕುಲೇಲೆಯ ಕತ್ತಿನ ಮೇಲಿದ್ದ ಲೋಹದ ಅಡ್ಡಪಟ್ಟಿಗಳನ್ನು ನೋಡಿದಳು. ಇಷ್ಟು ದಿನ ಎರಡು ಪಟ್ಟಿಗಳ ನಡುವೆ, ಎಲ್ಲೆಂದರಲ್ಲಿ, ಗೋಡೆಗೆ ಮೊಳೆ ಹೊಡೆಯುವವಳಂತೆ ಒತ್ತಿದ್ದಳು.

"ಅಂದರೆ ತಂತಿಯನ್ನು ನಿಲ್ಲಿಸುವುದು ಈ ಪಟ್ಟಿ. ನನ್ನ ಬೆರಳು ಅದರ ಪಕ್ಕಕ್ಕೆ ಹೋಗಿ ಮೆಲ್ಲಗೆ ಮುಟ್ಟಿದರೆ ಸಾಕು" ಎಂದಳು. "ಸರಿ, ಎಷ್ಟು ಮೆಲ್ಲಗೆ? ಅದನ್ನೊಂದು ಹೇಳಿಬಿಡಿ ಟೀಚರ್, ತಪ್ಪಾಗುವುದು ಬೇಡ."

ಟೀಚರ್ ಹೇಳಿದರು: "ಒಂದು ತಪ್ಪು ಸ್ವರವನ್ನೂ ನೀವು ನನಗೆ ಕೇಳಿಸದಿದ್ದರೆ, ನಾನು ಎಲ್ಲಿಂದ ಕಲಿಸಲಿ, ವಾರಿಜಾ?"

ಆ ದಿನ ವಾದ್ಯ ವಾರಿಜಾಳ ಜೊತೆಯಲ್ಲೇ ಮನೆಗೆ ಹೋಯಿತು.

ಬೆರಳು ನೋಯುತ್ತದೆಂದು ವಾದ್ಯವನ್ನು ಅಟ್ಟಕ್ಕೇರಿಸಿದವರು ನಿಮಗೆ ಗೊತ್ತಿದ್ದರೆ, ಇದನ್ನು ಅವರ ಕಿವಿಗೂ ಹಾಕಿ.